ದೊಡ್ಡಯ್ಯನ ಸುಸ್ತು, ಬೀದಿಯ ಸುಸ್ತು

ಕಾಯಿಲೆಯವನೆಂದರೆ ನೋಡಿದ ತಕ್ಷಣ ಕಾಯಿಲೆಯವನ ಹಾಗೆ ಕಾಣಬೇಕು. ಕೆನ್ನೆ ಒಳಗೆ ಹೋಗಿರಬೇಕು, ಕಣ್ಣು ಗುಳಿ ಬಿದ್ದಿರಬೇಕು, ಕೆಮ್ಮಿದರೆ ಪಕ್ಕದ ಮನೆಯ ತೊಟ್ಟಿಲ ಕೂಸು ಬೆಚ್ಚಿ ಏಳಬೇಕು. ಇದೇನೂ ಇಲ್ಲದೆ ಸುಮ್ಮನೆ ಬಂದು 'ನನಗೆ ಹುಷಾರಿಲ್ಲ' ಎಂದರೆ ನಮ್ಮ ಚನ್ನರಾಯಪಟ್ಟಣದಲ್ಲಿ ನಂಬುವವರು ಯಾರೂ ಇಲ್ಲ. ತೆಂಗಿನಕಾಯಿ ಮಂಡಿಯ ದೊಡ್ಡಯ್ಯನ ದುರದೃಷ್ಟವೆಲ್ಲ ಇಲ್ಲೇ ಇತ್ತು.

ದೊಡ್ಡಯ್ಯನದು ಹೆಸರಿಗೆ ತಕ್ಕ ಆಳ್ತನ. ಅಗಲ ಎದೆ, ತುಂಬಿದ ಕೆನ್ನೆ, ಹಣೆ ತುಂಬ ವಿಭೂತಿ. ಬಿಳಿ ಜುಬ್ಬ ತೊಟ್ಟು ಹೊರಟನೆಂದರೆ, ಹೊಸದಾಗಿ ಗೆದ್ದ ಯಾರೋ ಎಂ.ಎಲ್.ಎ. ಬಂದರೆಂದು ಬೆಂಗಳೂರು ಬಸ್ಸಿನ ಕಂಡಕ್ಟರು ಇಳಿದು ನಮಸ್ಕಾರ ಹಾಕಿದ್ದೂ ಉಂಟು. ಇಂಥ ಆಳು ಮನೆಯಿಂದ ಮಂಡಿಗೆ ಹೋಗುವಷ್ಟರಲ್ಲಿ ದಾರಿಯಲ್ಲಿ ಸಿಕ್ಕ ಜಗುಲಿಯ ಮೇಲೆಲ್ಲ ಕೂತು ಏದುಸಿರು ಬಿಡುತ್ತಿದ್ದ. ಎದ್ದರೆ ಸುಸ್ತು, ಉಂಡರೆ ಸುಸ್ತು, ಉಪವಾಸವಿದ್ದರೂ ಸುಸ್ತು. ಚೆನ್ನಾಗಿ ಮಲಗಿ ಎದ್ದರೆ ಮಲಗಿದ್ದಕ್ಕೇ ಸುಸ್ತು.

ನಾನು ಅವನ ಪಕ್ಕದ ಮನೆಯವನು, ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಸುಳ್ಳು ಸುಸ್ತಿನ ವಿಷಯದಲ್ಲಿ ಈ ಹಾಸನ ಜಿಲ್ಲೆಯಲ್ಲಿ ನನ್ನಷ್ಟು ಅನುಭವ ಇನ್ನೊಬ್ಬನಿಗಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಡ್ರಿಲ್ ಪೀರಿಯಡ್ ಬಂತೆಂದರೆ ಹುಡುಗರಿಗೆ ಹೊಟ್ಟೆನೋವು, ತಲೆನೋವು, ಕಾಲು ಉಳುಕು, ಅಜ್ಜಿಯ ಸಾವು ಎಲ್ಲ ಒಟ್ಟಿಗೇ ಬಂದುಬಿಡುತ್ತವೆ. ಆದರೆ ಮನೆಗೆ ಬಿಡುವ ಬೆಲ್ಲು ಹೊಡೆಯಲಿ, ಸುಳ್ಳು ಸುಸ್ತಿನವನೇ ಎಲ್ಲರಿಗಿಂತ ಮುಂದೆ ಗೇಟು ದಾಟಿರುತ್ತಾನೆ. ದೊಡ್ಡಯ್ಯನಿಗೆ ಕುಸ್ತಿ ಎಂದರೆ ಪ್ರಾಣ. ಅಂಥವನು ಕುಸ್ತಿ ನೋಡಲು ಹೊರಟು ಅರ್ಧ ದಾರಿಯಿಂದ ಕಣ್ಣಲ್ಲಿ ನೀರು ತುಂಬಿಕೊಂಡು ವಾಪಸು ಬಂದದ್ದನ್ನು ನಾನು ನೋಡಿದ್ದೇನೆ. ಇದು ಅಪ್ಪಟ ಸುಸ್ತು ಎಂದು ಆವತ್ತೇ ಬೀದಿಗೆಲ್ಲ ಸಾರಿದೆ. ಡ್ರಿಲ್ ಮೇಷ್ಟರ ಮಾತು ಯಾವನು ಕೇಳುತ್ತಾನೆ? ಇಷ್ಟು ಸುಸ್ತಿದ್ದರೂ ಅವನು ಒಂದು ದಿನ ಮಂಡಿಗೆ ಚಕ್ಕರ್ ಹೊಡೆದವನಲ್ಲ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಇದಕ್ಕೇ.

ಡಾಕ್ಟರುಗಳನ್ನು ಅವನು ಕಾಣದೆ ಇರಲಿಲ್ಲ. ಮೊದಲು ನಮ್ಮೂರಿನ ಎಲ್.ಎಂ.ಪಿ. ಡಾಕ್ಟರು ವರದಯ್ಯನವರಲ್ಲಿಗೆ ಹೋದ. ಅವರು ಸ್ಟೆತಾಸ್ಕೋಪನ್ನು ಜುಬ್ಬದ ಮೇಲೇ ಮುಟ್ಟಿಸಿ ತೆಗೆದು, "ಏನೂ ಇಲ್ಲ ಕಣಯ್ಯ ನಿನಗೆ. ಕಲ್ಲುಗುಂಡಿನ ಹಾಗಿದ್ದೀಯ. ಎಲ್ಲಾ ಮನಸ್ಸು! ಮುಂದಿನವರು ಬನ್ನಿ" ಅಂದರು. ಸೀಸೆ ತಂದಿದ್ದಾನಲ್ಲ, ಬರಿದಾಗಿ ಹೋಗಬಾರದೆಂದು ಕಾಂಪೌಂಡರು ಅದಕ್ಕೆ ಕೆಂಪು ಔಷಧಿ ತುಂಬಿ ಕಳಿಸಿದ. ಹಾಸನದ ದೊಡ್ಡ ಡಾಕ್ಟರು, "ಬೆಳಿಗ್ಗೆ ಎದ್ದು ಚೆನ್ನಾಗಿ ವಾಕಿಂಗ್ ಮಾಡಿ" ಅಂದರು.

"ಸಾ, ನಡೆಯಕ್ಕೆ ಆಯ್ತಿಲ್ಲ ಅಂತ್ಲೇ ಬಂದಿವ್ನಿ."

"ಅದಕ್ಕೇ ಹೇಳಿದ್ದು, ನಡೀರಿ."

ಹೊಳೆನರಸೀಪುರದ ಪಂಡಿತರು ನಾಡಿ ಹಿಡಿದು ಕಣ್ಣು ಮುಚ್ಚಿದರು. ವಾತ ಎಂದರು. ಆಲೂಗಡ್ಡೆ ಬಿಡು, ಬದನೆಕಾಯಿ ಬಿಡು, ಅವರೆಕಾಳು ಬಿಡು, ಮೊಸರು ಬಿಡು ಎಂದು ಅವರು ಬಿಡಿಸುತ್ತಾ ಹೋಗಿ ನಿಲ್ಲಿಸುವ ಹೊತ್ತಿಗೆ ದೊಡ್ಡಯ್ಯನಿಗೆ ತಿನ್ನಲು ಉಳಿದದ್ದು ಉಪ್ಪು ಒಂದೇ. ಅರಕಲಗೂಡಿನಲ್ಲಿ ಅವನ ತಂಗಿ ರೇವಮ್ಮ ದೃಷ್ಟಿಯಾಗಿದೆ ಎಂದು ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮುತ್ತ ಬೀದಿಗೆ ಓಡಿದರು. ಓಡಲಾರದೆ ಒಳಗೆ ಉಳಿದವನು ದೊಡ್ಡಯ್ಯ ಒಬ್ಬನೇ. ಹೀಗೆ ಸುಸ್ತಿಗೆ ಮದ್ದು ಹುಡುಕಿಕೊಂಡು ಬಸ್ಸು ಹತ್ತಿ ಇಳಿದು ಅವನು ಮೊದಲಿಗಿಂತ ಹೆಚ್ಚು ಸುಸ್ತಾಗಿ ಮನೆ ಸೇರಿದ.

ಊರವರ ಬಾಯಿಗೆ ಬೀಗ ಹಾಕುವವರಾರು? ಅವನ ಹೆಂಡತಿ ಗುರುಸಿದ್ದಮ್ಮ ನೀರಿಗೆ ಹೋದರೆ, "ಏನವ್ವಾ, ನಿಮ್ಮೆಜಮಾನ್ರು ಎದ್ರಾ, ಇನ್ನೂ ಇಲ್ವಾ?" ಎಂದು ಕೇಳಿ ಕಿಸಕ್ಕನೆ ನಗುವವರೇ ಎಲ್ಲ. ಆಕೆ ಬೆಂಕಿಯಂಥ ಹೆಂಗಸು. ಬಾವಿಕಟ್ಟೆಯಲ್ಲಿ ಗಂಡನ ಪರವಾಗಿ ಎಲ್ಲರೊಡನೆ ಜಗಳವಾಡಿ ಬರುತ್ತಿದ್ದಳು. ಆದರೆ ಜಗಳಕ್ಕೂ ಒಂದು ಮಿತಿಯಿದೆ. ಒಂದು ಸಂಜೆ ಮುದ್ದೆ ಬಡಿಸುತ್ತಾ ಆಕೆ ಮೆಲ್ಲಗೆ ಕೇಳಿಬಿಟ್ಟಳು:

"ನಿಜ ಯೋಳಿ. ನಿಮ್ಗೆ ನಿಜ್ವಾಗ್ಲೂ ಸುಸ್ತಾ?"

ದೊಡ್ಡಯ್ಯ ಮುದ್ದೆ ಮುರಿದಿದ್ದು ಹಾಗೇ ಬಿಟ್ಟು, ಕೈ ತೊಳೆದು, ನಮ್ಮ ಜಗುಲಿಗೆ ಬಂದು ಕೂತ.

"ಮೇಷ್ಟ್ರೇ, ಊರೋರು ಏನಾರ ಅನ್ಲಿ. ಅವ್ಳೂ ಕೇಳ್ಬುಟ್ಲು ಕಣ್ರೀ," ಅಂದ. ಜುಬ್ಬದ ತುದಿಯಲ್ಲಿ ಮುಖ ಒರೆಸಿಕೊಂಡು, "ನಂಗೆ ಮದ್ದೂ ಬ್ಯಾಡ, ವಾಸಿಯಾಗಾದೂ ಬ್ಯಾಡ. ಯಾರಾರ ಒಬ್ರು ದೊಡ್ಡೋರು ಅವ್ಳ ಕಿವಿಗೆ ಬೀಳಂಗೆ, ಇವ್ನಿಗೆ ಸುಸ್ತಿರಾದು ದಿಟ ಅಂದ್ಬುಟ್ರೆ ಸಾಕು," ಅಂದ.

ಏನು ಹೇಳಲಿ ಎಂದು ನಾನು ಹುಡುಕುತ್ತಿರುವಾಗಲೇ, ಕಂಬಕ್ಕೊರಗಿ ಎಲೆಯಡಿಕೆ ಮೆಲ್ಲುತ್ತಿದ್ದ ಬೈರಯ್ಯ ಗಂಟಲು ಸರಿಮಾಡಿಕೊಂಡ. ಬೈರಯ್ಯ ನಮ್ಮ ಎದುರು ಮನೆಯವನು. ಕೋರ್ಟಿನಲ್ಲಿ ಅಮೀನನಾಗಿದ್ದು, ಸಮನ್ಸು ಜಾರಿ ಮಾಡಿ, ಜಪ್ತಿ ಮಾಡಿ ರಿಟೈರಾದವನು. ಅವನಿಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ.

"ತಪ್ಪು ನಿಂದೇ ಕಣ್ಲಾ ದೊಡ್ಡಯ್ಯ," ಅಂದ ಬೈರಯ್ಯ. "ಡಾಕ್ಟ್ರ ತಾವಕ್ಕೆ ಎಂಗೋದೆ ನೀನು?"

"ನಡ್ಕಂಡು ಓದೆ."

"ಮಡಿ ಜುಬ್ಬ ಆಕ್ಕಂಡು?"

"ಊಂ."

"ಕ್ಷೌರ ಮಾಡಿಸ್ಕಂಡು?"

"ದೊಡ್ಡೋರ ಮುಂದಕ್ಕೆ ಓಗಾಗ ಮಾಡಿಸ್ಕಬ್ಯಾಡ್ವಾ?"

"ಬಿದ್ದೋಯ್ತು ಕೇಸು!" ಬೈರಯ್ಯ ತೊಡೆ ತಟ್ಟಿದ. "ಡಾಕ್ಟ್ರಾದ್ರೂ ಅಷ್ಟೇಯ, ಜಡ್ಜಾದ್ರೂ ಅಷ್ಟೇಯ. ಸಾಕ್ಷಿ ಬೇಕು ಕಣ್ಲಾ! ನಿನ್ ಮೊಖಾನೇ ನಿನ್ಗೆ ಎದುರು ಪಾರ್ಟಿ ಸಾಕ್ಷಿ. ಮೊದ್ಲು ಆ ಮೊಖಾವ ಬಾಡಿಸ್ಬೇಕು."

ನನಗೆ ರೇಗಿತು. "ನಿಜವಾದ ಕಾಯಿಲೆಗೆ ಸುಳ್ಳು ವೇಷ ಯಾಕಯ್ಯ?" ಎಂದೆ.

"ಮೇಷ್ಟ್ರೇ, ನಿಜಕ್ಕೇ ವೇಷ ಬೇಕಾಗಾದು. ಸುಳ್ಳು ಅನ್ನಾದು ವೇಷ ಕಟ್ಕಂಡೇ ಉಟ್ಟಿರ್ತದೆ," ಅಂದ ಅಮೀನ. ಕೋರ್ಟಿನಲ್ಲಿ ಕಾಲ ಕಳೆದವರ ಬಾಯಿಗೆ ಎದುರು ನಿಲ್ಲುವುದು ಡ್ರಿಲ್ ಮೇಷ್ಟರಿಂದ ಆಗುವ ಕೆಲಸವಲ್ಲ.

ಬೈರಯ್ಯನ ಏರ್ಪಾಟು ಹೀಗಿತ್ತು. ಒಂದು ವಾರ ಕ್ಷೌರ ಇಲ್ಲ. ಹೊರಡುವ ದಿನ ಮುಂಜಾನೆ ಹೊಟ್ಟೆ ತೊಳೆಯುವಂತೆ ಹರಳೆಣ್ಣೆ. ಮುಖ ತಾನಾಗಿ ಇಳಿಯುತ್ತದೆ. ನಡೆದು ಹೋಗುವ ಮಾತೇ ಇಲ್ಲ. ದ್ಯಾವಯ್ಯನ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಕಂಬಳಿ ಹೊದ್ದು ಮಲಗಿಯೇ ವರದಯ್ಯನವರ ಬಾಗಿಲಿಗೆ ಹೋಗಿ ನಿಲ್ಲಬೇಕು. ಗಾಡಿಯ ದ್ಯಾವಯ್ಯನಿಗೂ ಪಾಠವಾಯಿತು: "ಯಾರೇ ಏನೇ ಕೇಳುದ್ರೂ ಬಾಯ್ ಬುಡ್ಬ್ಯಾಡ ಕಣ್ಲಾ. ಸುಮ್ಕೆ ತಲೆ ಅಲ್ಲಾಡ್ಸು."

ಆ ದಿನ ಬಂತು. ಹರಳೆಣ್ಣೆ ಕುಡಿದು, ಗಡ್ಡ ಬಿಟ್ಟು, ಬಿರುಬಿಸಿಲಿನಲ್ಲಿ ಕರಿಕಂಬಳಿ ಹೊದ್ದು ಗಾಡಿ ಹತ್ತುತ್ತಿದ್ದ ಗಂಡನನ್ನು ಗುರುಸಿದ್ದಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. "ದಿಟ್ವಾಗ್ಲೂ ಸುಸ್ತಿದ್ರೆ ಈ ನಾಟ್ಕ ಯಾಕ್ ಬೇಕಿತ್ತು?" ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಂಬಳಿಯೊಳಗಿಂದ ದೊಡ್ಡಯ್ಯ ನನ್ನ ಮುಖ ನೋಡಿದ. ನಾನು ಬೈರಯ್ಯನ ಮುಖ ನೋಡಿದೆ. ಬೈರಯ್ಯ, "ಒಡಿ ಗಾಡೀವ," ಅಂದ.

ಗಾಡಿ ಬೀದಿಯ ತುದಿ ಮುಟ್ಟುವ ಮೊದಲೇ ಪೋಸ್ಟ್ ಮಾಸ್ಟರ ಹೆಂಡತಿ ಕಮಲಾಕ್ಷಮ್ಮ ಅಡ್ಡ ಬಂದರು. "ಇದೇನೋ ದ್ಯಾವಯ್ಯ, ಗಾಡಿಯಲ್ಲಿ ಯಾರೋ? ನಮ್ಮ ದೊಡ್ಡಯ್ಯನೇನೋ? ಏನಾಯ್ತೋ?" ಎಂದರು. ದ್ಯಾವಯ್ಯ ಒಪ್ಪಿಕೊಂಡ ಕೆಲಸ ಚೆನ್ನಾಗಿ ಮಾಡುವವನು. ಎತ್ತು ನಿಲ್ಲಿಸಿ, ತಲೆಯ ವಸ್ತ್ರ ತೆಗೆದು, ಆಕಾಶ ನೋಡಿ, ನಿಧಾನವಾಗಿ ತಲೆ ಅಲ್ಲಾಡಿಸಿದ. "ಅಯ್ಯೋ ರಾಮ!" ಎಂದು ಕಮಲಾಕ್ಷಮ್ಮ ಕೊಡ ಅಲ್ಲೇ ಇಟ್ಟು ಮನೆಮನೆಗೆ ಹೋದರು. ಅರಕಲಗೂಡಿಗೆ ಹೊರಡಲಿದ್ದ ಬಸ್ಸಿನ ಕಂಡಕ್ಟರಿಗೂ ಸುದ್ದಿ ಮುಟ್ಟಿತು.

ಇತ್ತ ಗಾಡಿ ಕೆರೆಯ ಏರಿ ಹತ್ತಿದಾಗ ಹರಳೆಣ್ಣೆ ತನ್ನ ಕೆಲಸ ಶುರುಮಾಡಿತು. "ದ್ಯಾವಯ್ಯ, ನಿಲ್ಸೋ! ನಿಲ್ಸೋ ಮಾರಾಯ!" ಎಂದು ಕಂಬಳಿ ಸಮೇತ ದೊಡ್ಡಯ್ಯ ಕತ್ತಾಳೆ ಮೆಳೆಯ ಹಿಂದಕ್ಕೆ ನುಗ್ಗಿದ. ಬಂದು ಮಲಗಿದ. ಮತ್ತೆ ಇಳಿದ. ಮತ್ತೆ ಬಂದ. ಇದನ್ನೆಲ್ಲ ಸೈಕಲ್ ಮೇಲೆ ಒಂದು ಕಾಲೂರಿ ನಿಂತು ನೋಡುತ್ತಿದ್ದವರು ಹೆಲ್ತ್ ಇನ್ಸ್‌ಪೆಕ್ಟರ್ ಚಲುವಯ್ಯನವರು.

ಚಲುವಯ್ಯನವರು ಹೊಸಬರು. ಖಾಕಿ ಚಡ್ಡಿ, ತಲೆಗೆ ದೊಡ್ಡ ಟೋಪಿ, ಕೈಯಲ್ಲಿ ಚರ್ಮದ ಚೀಲ. ಬಂದಾಗಿನಿಂದ ಅವರು ಒಂದು ಸಾಂಕ್ರಾಮಿಕ ರೋಗಕ್ಕಾಗಿ ಕಾಯುತ್ತಿದ್ದರು. ಕಾಲರಾ ಲಸಿಕೆ ಪೆಟ್ಟಿಗೆಯಲ್ಲಿ ಹಾಗೇ ಕೂತಿತ್ತು. ಮೇಲಿನವರು 'ಎಷ್ಟು ಜನಕ್ಕೆ ಹಾಕಿದಿರಿ?' ಎಂದು ಕೇಳುತ್ತಲೇ ಇದ್ದರು. ನಮ್ಮೂರಿನ ಜನವೋ ಸೂಜಿ ಕಂಡರೆ ತೋಟ ಬಿದ್ದು ಓಡುವವರು. ಈಗ ಕಣ್ಣೆದುರಿಗೇ ಗಡ್ಡ ಬಿಟ್ಟ, ಬಾಡಿದ ಮುಖದ ಮನುಷ್ಯನೊಬ್ಬ ಗಾಡಿಗೂ ಮೆಳೆಗೂ ಓಡಾಡುತ್ತಿದ್ದ. ಇದು ಕಾಲರಾನೇ ಎಂದುಕೊಂಡು ಚಲುವಯ್ಯನವರು ಸೈಕಲ್ ಒರಗಿಸಿ ಗಾಡಿಯ ಬಳಿ ಓಡಿ ಬಂದರು.

"ಏನಾಗ್ತಿದೆಯಪ್ಪ ನಿಮಗೆ?"

"ಸುಸ್ತು ಸಾ."

"ಸುಸ್ತು!" ಎಂದು ಚಲುವಯ್ಯನವರು ಟೋಪಿ ತೆಗೆದರು. "ಬಹಳ ಸುಸ್ತೋ?"

ದೊಡ್ಡಯ್ಯ ಕಂಬಳಿ ಸರಿಸಿ ಎದ್ದು ಕೂತ. ಇಷ್ಟೂರು ತಿರುಗಿದ್ದಾನೆ, ಇಷ್ಟು ಡಾಕ್ಟರನ್ನು ಕಂಡಿದ್ದಾನೆ, 'ಬಹಳ ಸುಸ್ತೋ' ಎಂದು ಈವರೆಗೆ ಅವನನ್ನು ಯಾರೂ ಕೇಳಿರಲಿಲ್ಲ.

"ಬಾಳ ಸಾ! ಬಾಳಾ ಸುಸ್ತು!"

"ಕೈಕಾಲು ಸೆಳೆತ ಇದೆಯೋ?"

"ಅಯ್ಯೋ, ಎಳ್ದಾಕ್ತವೆ ಸಾ."

"ಬಾಯಿ ಒಣಗುತ್ತೋ?"

"ಒಣಗಿ ಕೊಬ್ರಿ ಆಗೈತೆ ಸಾ!"

"ಕಣ್ಣು ಕತ್ತಲೆ ಬರುತ್ತೋ?"

"ನಮ್ಮಪ್ಪ! ನೀವೇ ಸಾ ದೇವ್ರು. ನನ್ ಒಳ್ಗೆ ಕುಂತು ನೋಡ್ದಂಗೆ ಯೋಳ್ತಿದ್ದೀರ!"

ಕೇಳಿದ್ದಕ್ಕೆಲ್ಲ ಹೂಂ ಎಂದ, ಕೇಳದ್ದಕ್ಕೂ ಹೂಂ ಎಂದ. ಅಕ್ಕರೆಯಿಂದ ವಿಚಾರಿಸಿದವರಿಗೆ ಇಲ್ಲ ಎನ್ನುವುದು ಹೇಗೆ? ಹರಳೆಣ್ಣೆಯ ಮಾತು ಬರಲೇ ಇಲ್ಲ, ಏಕೆಂದರೆ ಚಲುವಯ್ಯನವರು ಅದನ್ನೊಂದನ್ನು ಕೇಳಲಿಲ್ಲ. ದ್ಯಾವಯ್ಯನ ಕಡೆ ತಿರುಗಿ, "ಇವರ ಬೀದಿಯಲ್ಲಿ ಇನ್ನು ಯಾರಿಗಾದರೂ ಹೀಗಾಗಿದೆಯೇನಯ್ಯ?" ಎಂದರು. ದ್ಯಾವಯ್ಯ ಆಕಾಶ ನೋಡಿ ತಲೆ ಅಲ್ಲಾಡಿಸಿದ.

ಮುಗಿಯಿತು. ದೊಡ್ಡಯ್ಯನನ್ನು ಊರಾಚೆಯ ಖಾಲಿ ಛತ್ರಕ್ಕೆ ಸಾಗಿಸಿ, ಬಾಗಿಲಿಗೆ ಜವಾನನನ್ನು ಕೂರಿಸಿ, ಚಲುವಯ್ಯನವರು ನಮ್ಮ ಬೀದಿಗೆ ದಂಡೆತ್ತಿ ಬಂದರು. ಬೀದಿಯ ಎರಡು ತುದಿಗೂ ಹಗ್ಗ ಕಟ್ಟಿಸಿದರು. ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಸಿದರು. ನಮ್ಮ ಜಗುಲಿಯ ಮೇಲೇ ಸ್ಟವ್ ಹಚ್ಚಿ ಸೂಜಿ ಕುದಿಯಲು ಇಟ್ಟರು. ಆ ಸೂಜಿಯನ್ನು ನೋಡಬೇಕಿತ್ತು. ಗೋಣಿಚೀಲ ಹೊಲಿಯುವ ದಬ್ಬಣಕ್ಕೆ ತಮ್ಮನಂತಿತ್ತು.

ಕಮಲಾಕ್ಷಮ್ಮ ದೇವರ ಮನೆ ಸೇರಿ, "ನಾನು ಮಡಿಯಲ್ಲಿದ್ದೀನಿ, ಮುಟ್ಟಕೂಡದು!" ಎಂದು ಕೂಗಿದರು.

"ಸೂಜಿ ಆಗಲಿಂದ ಬಿಸಿನೀರಲ್ಲಿ ಕುದ್ದಿದೆ ತಾಯಿ. ನಿಮಗಿಂತ ಮಡಿ," ಎಂದು ಚಲುವಯ್ಯನವರು ಚುಚ್ಚಿಯೇ ಬಿಟ್ಟರು.

ಬೈರಯ್ಯ ಬಾಗಿಲಿಗೆ ಅಡ್ಡ ನಿಂತು, "ಎಲ್ಲಿ ಸಾ ಆರ್ಡರು? ಸೀಲು ಐತಾ? ನಾನೂ ಗೌರ್ಮೆಂಟಲ್ಲಿ ಇದ್ದೋನೇಯ," ಎಂದ. ಇನ್ಸ್‌ಪೆಕ್ಟರು ಒಂದು ಕಾಗದ ಕೊಟ್ಟರು. ಓದಲು ಕನ್ನಡಕ ಹುಡುಕಿಕೊಂಡು ಅವನು ಪಕ್ಕಕ್ಕೆ ತಿರುಗಿದ. ತೋಳು ಎದುರಿಗೆ ಸಿಕ್ಕಿತು. ಅಮೀನನಾಗಿ ಎಷ್ಟೋ ಜನಕ್ಕೆ ಸಮನ್ಸು ಮುಟ್ಟಿಸಿದವನಿಗೆ ಆವತ್ತು ಮುಟ್ಟಿದ್ದು ಬಹಳ ಆಳಕ್ಕೆ ಹೋಯಿತು.

ನಾನು ಡ್ರಿಲ್ ಮೇಷ್ಟ್ರು. ಎದೆ ಮುಂದೆ ಮಾಡಿ, ಅಟೆನ್ಷನ್‌ನಲ್ಲಿ ನಿಂತು ತೋಳು ಕೊಟ್ಟೆ. ಕಿರುಚಿದೆ ಎಂದು ಕಮಲಾಕ್ಷಮ್ಮ ಹೇಳುತ್ತಾರೆ. ಅದು ಸುಳ್ಳು. ಗುರುಸಿದ್ದಮ್ಮ ಮಾತ್ರ ಒಂದು ಮಾತೂ ಆಡದೆ ಬಂದು ತೋಳು ಕೊಟ್ಟು, "ಅವ್ರನ್ನ ಎಲ್ಲಿಟ್ಟಿದ್ದೀರಿ?" ಎಂದಷ್ಟೇ ಕೇಳಿದಳು.

ಮಧ್ಯಾಹ್ನದ ಬಸ್ಸಿಗೆ ಅರಕಲಗೂಡಿನಿಂದ ರೇವಮ್ಮ ಬಂದಿಳಿದಳು. "ಅಣ್ಣಯ್ಯಾ, ನನ್ ಬುಟ್ಟು ಓದ್ಯಾ!" ಎಂದು ಎದೆ ಬಡಿದುಕೊಂಡು ಹಗ್ಗದ ಕೆಳಗೆ ನುಸುಳಿದವಳಿಗೆ, ಅಣ್ಣ ಇದ್ದಾನೋ ಇಲ್ಲವೋ ಎಂದು ಯಾರಾದರೂ ಹೇಳುವ ಮೊದಲೇ ಸೂಜಿ ಬಿತ್ತು. ಅಳುತ್ತಿದ್ದವಳು ಅಳು ಮುಂದುವರಿಸಿದಳು, ಕಾರಣ ಮಾತ್ರ ಬದಲಾಯಿತು.

ಕೊನೆಗೆ ಡಾಕ್ಟರ್ ವರದಯ್ಯನವರು ಸಿಡುಕುತ್ತ ಬಂದರು. ಛತ್ರಕ್ಕೆ ಹೋಗಿ ದೊಡ್ಡಯ್ಯನನ್ನು ನೋಡಿ ಆಗಲೇ ಹರಳೆಣ್ಣೆಯ ವಿಷಯ ತಿಳಿದುಕೊಂಡಿದ್ದರು. "ಯಾವ ಕಾಲರಾನೂ ಇಲ್ಲ, ಮಣ್ಣೂ ಇಲ್ಲ! ಅವನು ಹರಳೆಣ್ಣೆ ಕುಡಿದಿದ್ದಾನೆ. ಅವನೊಬ್ಬ ಶುದ್ಧ ಸೋಮಾರಿ! ಮನಸ್ಸಿನ ಕಾಯಿಲೆ!" ಎಂದು ಬೀದಿಯ ನಡುವೆ ನಿಂತು ಕೂಗಿದರು. ಗುರುಸಿದ್ದಮ್ಮ ಬಾಗಿಲ ಸಂದಿಯಲ್ಲಿ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿದಳು.

"ರೋಗಿಯನ್ನ ಕೈಯಿಂದ ಮುಟ್ಟಿದಿರಾ ಡಾಕ್ಟ್ರೇ?" ಎಂದರು ಚಲುವಯ್ಯನವರು.

"ಮುಟ್ಟದೆ ಪರೀಕ್ಷೆ ಮಾಡೋಕಾಗುತ್ತೇನ್ರೀ?"

"ಹಾಗಾದ್ರೆ ತೋಳು ಮಡಚಿ."

"ನಾನು ಡಾಕ್ಟರು ಕಣ್ರೀ!"

"ರೂಲ್ಸಿಗೆ ಡಾಕ್ಟ್ರು ಅಂತೇನೂ ಗೊತ್ತಾಗಲ್ಲ ಸಾರ್," ಎಂದರು ಚಲುವಯ್ಯನವರು. ವರದಯ್ಯನವರ ಕೋಟು ಬಿಚ್ಚಿಸಿದ ಗಂಡು ನಮ್ಮೂರಿನಲ್ಲಿ ಅವರೊಬ್ಬರೇ.

ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಯಿತು. ಆ ಕಾಲದ ಕಾಲರಾ ಸೂಜಿ ಹಾಕಿಸಿಕೊಂಡವರಿಗೆ ಗೊತ್ತು. ತೋಳು ತೆಂಗಿನಕಾಯಿ ಗಾತ್ರ ಊದಿ, ಜ್ವರ ಬಂದು, ಮೈಯ ಮೂಳೆಯೆಲ್ಲ ಯಾರೋ ಬಿಚ್ಚಿಕೊಂಡು ಹೋದ ಹಾಗೆ ಆಗುತ್ತದೆ. ಬೆಳಗಾಗುವಷ್ಟರಲ್ಲಿ ನಮ್ಮ ಬೀದಿ ಪೂರ್ತಿ ಮಲಗಿತು. ಒಲೆ ಹಚ್ಚುವವರಿಲ್ಲ, ನೀರು ಸೇದುವವರಿಲ್ಲ. ಹಸುಗಳು ಕೊಟ್ಟಿಗೆಯಲ್ಲಿ ಅಂಬಾ ಎನ್ನುತ್ತಿದ್ದವು. ನಾನು, ಸೂರ್ಯ ಹುಟ್ಟುವ ಮೊದಲು ದಂಡ ಹೊಡೆಯುವವನು, ಚಾಪೆಯಿಂದ ಬಾಗಿಲಿನವರೆಗೆ ತೆವಳಿ ಹೋಗಿ ಅಲ್ಲೇ ಕುಸಿದುಬಿದ್ದೆ.

ಆಗ ಬೀದಿಯ ತುದಿಯಲ್ಲಿ ಹಗ್ಗ ಎತ್ತಿ ಒಳಗೆ ಬಂದವನು ದೊಡ್ಡಯ್ಯ. ಹರಳೆಣ್ಣೆ ಇಳಿದ ಮೇಲೆ ರೋಗಲಕ್ಷಣ ಒಂದೂ ಉಳಿಯದೆ, ಜವಾನ ಅವನನ್ನು ಬೆಳಿಗ್ಗೆ ಬಿಟ್ಟು ಕಳಿಸಿದ್ದ. ರೋಗ ಆಗಲೇ ಬಂದವನಿಗೆ ಲಸಿಕೆ ಯಾಕೆಂದು ಚಲುವಯ್ಯನವರು ಅವನೊಬ್ಬನಿಗೆ ಸೂಜಿ ಹಾಕಿರಲಿಲ್ಲ. ಹೀಗಾಗಿ ಇಡೀ ಬೀದಿಗೆ ನಿಂತಿದ್ದ ಆಳು ಅವನೊಬ್ಬನೇ. ಅವನಿಗಿದ್ದದ್ದು ಅವನ ದಿನನಿತ್ಯದ ಸುಸ್ತು ಮಾತ್ರ.

ಸ್ವಾಮೀ, ಆವತ್ತು ಅವನು ಮಾಡಿದ ಕೆಲಸ ಇದೆಯಲ್ಲ, ನಾನು ಟೋಪಿ ತೆಗೆದು ಸೆಲ್ಯೂಟ್ ಹೊಡೆಯುತ್ತೇನೆ. ಬಾವಿಯಿಂದ ಒಂದು ಕೊಡ ಸೇದುವನು, ಕಟ್ಟೆಯ ಮೇಲೆ ಕೂರುವನು. ಎತ್ತಿಕೊಂಡು ಒಂದು ಮನೆ ದಾಟುವನು, ಜಗುಲಿಯ ಮೇಲೆ ಕೂರುವನು. ಮತ್ತೆ ಏಳುವನು. ಹೀಗೆ ಕೂತೂ ಎದ್ದೂ ಮನೆಮನೆಗೂ ನೀರು ಮುಟ್ಟಿಸಿದ, ಗಂಜಿ ಕಾಯಿಸಿ ಕೊಟ್ಟ, ಹಸುಗಳಿಗೆ ಹುಲ್ಲು ಹಾಕಿದ. ಸುಸ್ತಿನ ವಿದ್ಯೆಯಲ್ಲಿ ಪಳಗಿದವನು ಅವನೊಬ್ಬನೇ ಅಲ್ಲವೇ? ನಾವೆಲ್ಲ ಅವನ ಮುಂದೆ ಒಂದನೆಯ ಕ್ಲಾಸಿನ ಹುಡುಗರು.

"ಮೇಷ್ಟ್ರೇ, ಒಂದೇ ಸಲಕ್ಕೆ ಏಳ್ಬ್ಯಾಡಿ," ಎಂದು ನನಗೆ ಪಾಠ ಹೇಳಿದ. "ಮೊದ್ಲು ಮಗ್ಗುಲಾಗಿ. ಆಮ್ಯಾಲೆ ಕುಂತ್ಕಳಿ. ಕುಂತು ಒಸಿ ಹೊತ್ತು ಬ್ಯಾರೆ ಏನಾದ್ರೂ ಗ್ಯಾನ ಮಾಡಿ. ಕಾಲಿಗೆ ಗೊತ್ತಾಗ್ದಂಗೆ ಎದ್ಬುಡ್ಬೇಕು."

ನಾನು ಇಷ್ಟು ವರ್ಷ ಹುಡುಗರಿಗೆ ಕಲಿಸಿದ ಡ್ರಿಲ್ಲೆಲ್ಲ ಒಂದು ಕಡೆ, ಈ ಡ್ರಿಲ್ ಒಂದು ಕಡೆ. ಕಾಲಿಗೆ ಗೊತ್ತಾಗದ ಹಾಗೆ ಎದ್ದೆ. ನಿಂತೆ.

ಎದುರು ಮನೆಯಲ್ಲಿ ಬೈರಯ್ಯ ಗಂಜಿ ಲೋಟ ಹಿಡಿಯಲಾರದೆ, "ಲೋ ದೊಡ್ಡಯ್ಯ, ತುಟಿ ಅಲ್ಲಾಡ್ಸಕ್ಕೂ ಆಯ್ತಿಲ್ವಲ್ಲೋ!" ಎಂದು ಗೋಳಾಡುತ್ತಿದ್ದ. ದೊಡ್ಡಯ್ಯ ಅವನ ತಲೆ ಎತ್ತಿ ಹಿಡಿದು ಕುಡಿಸಿದ. "ಮಾತಾಡ್ಬ್ಯಾಡಿ ಅಮೀನ್ರೇ, ಮಾತ್ಗೂ ಬಲ ಬೇಕು," ಅಂದ. ಬೈರಯ್ಯ ಆ ದಿನ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದ. ಊರಿನ ಚರಿತ್ರೆಯಲ್ಲಿ ಅದು ಮೊದಲ ಸಲ.

ತನ್ನ ಮನೆಯಲ್ಲಿ ಗುರುಸಿದ್ದಮ್ಮ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ರೇವಮ್ಮ ನರಳುತ್ತಿದ್ದಳು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ತೆಳು ಗೋಡೆ, ಆಡಿದ್ದೆಲ್ಲ ಕೇಳುತ್ತದೆ.

"ಇಂಗೇನಾ?" ಎಂದು ಆಕೆ ಕೇಳಿದಳು.

"ಏನು?"

"ದಿನಾಲೂ ನಿಮ್ಗೆ ಇಂಗೇನಾ ಆಗಾದು?"

ದೊಡ್ಡಯ್ಯ, "ಇಲ್ಲ ಕಣೇ. ನಿಂಗೆ ಜ್ವರಾನೂ ಐತಲ್ಲ, ನಿಂದು ಒಂದ್ಗುಂಜಿ ಜಾಸ್ತಿ," ಅಂದ. ಅಷ್ಟು ಅವಮಾನ ಉಂಡವನು ಆಗಲೂ ಹೆಚ್ಚಿನ ಪಾಲನ್ನು ಹೆಂಡತಿಗೇ ಬಿಟ್ಟುಕೊಟ್ಟ. ಗೋಡೆಯಾಚೆ ಮೂಗು ಸೊರಗುಟ್ಟಿದ್ದು ಕೇಳಿಸಿತು. ಆಕೆ ಅಳುತ್ತಿದ್ದಳೆಂದು ಕಾಣುತ್ತದೆ. ನನ್ನ ಕಣ್ಣೂ ಒದ್ದೆಯಾಯಿತು. ಜ್ವರಕ್ಕಿರಬಹುದು.

ಎಲ್ಲ ಮನೆ ಮುಗಿಸಿ ಅವನು ಗಂಜಿಯ ಚೊಂಬು ಹಿಡಿದು ವರದಯ್ಯನವರ ಔಷಧಿ ಷಾಪಿಗೂ ಹೋದ. ಡಾಕ್ಟರು ರೋಗಿಗಳನ್ನು ಮಲಗಿಸುವ ಬೆಂಚಿನ ಮೇಲೆ ತಾವೇ ಮಲಗಿದ್ದರು. ಕಾಂಪೌಂಡರು ಭಯಬಿದ್ದು ಊರಿಗೆ ಓಡಿಹೋಗಿದ್ದ.

"ದೊಡ್ಡಯ್ಯ," ಎಂದರು ಡಾಕ್ಟರು ಕಣ್ಣು ಬಿಡದೆ, "ಕೈಕಾಲು ನನ್ನವೇ ಅಲ್ಲ ಅನ್ನಿಸ್ತಿದೆ ಕಣಯ್ಯ. ಯಾರದೋ ಕೈಕಾಲನ್ನ ನಾನು ಹೊತ್ತುಕೊಂಡ ಹಾಗಿದೆ."

ದೊಡ್ಡಯ್ಯ ಚೊಂಬು ಕೆಳಗಿಟ್ಟ. "ಅದೇ ಸಾ! ಅದೇ! ಇಷ್ಟ್ ದಿವ್ಸದಿಂದ ನಿಮ್ ಮುಂದೆ ಯೋಳ್ಬೇಕು ಅಂತಿದ್ದ ಮಾತು ಅದೇ ಸಾ. ನನ್ ಬಾಯ್ಗೆ ಬತ್ತಿರ್ಲಿಲ್ಲ. ಎಷ್ಟ್ ಚಂದಾಗಿ ಯೋಳ್ಬುಟ್ರಿ!"

ವರದಯ್ಯನವರು ಕಣ್ಣು ಬಿಟ್ಟು ಅವನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಜುಬ್ಬದ ಮೇಲಿಂದಲ್ಲ, ಮುಖವನ್ನು ನೋಡಿದರು. "ಈ ಸ್ಥಿತಿಯಲ್ಲಿ ನೀನು ದಿನಾ ಮಂಡಿಗೆ ಹೋಗ್ತೀಯ?"

"ಓಗ್ದೆ ಎಂಗೆ ಸಾ?"

ಬೀದಿಯ ಜ್ವರ ಎರಡು ದಿನಕ್ಕೆ ಇಳಿಯಿತು. ಮೂರನೆಯ ದಿನ ನಾನು ದಂಡ ಹೊಡೆದೆ, ಕಮಲಾಕ್ಷಮ್ಮ ಸುದ್ದಿ ಹಂಚಿದರು, ಬೈರಯ್ಯ ಚಲುವಯ್ಯನವರ ಮೇಲೆ ದಾವಾ ಹೂಡುವ ಮಾತಾಡಿದ. ಎಲ್ಲರ ಸುಸ್ತೂ ಹೋಯಿತು, ದೊಡ್ಡಯ್ಯನದೊಂದು ಉಳಿಯಿತು.

ವರದಯ್ಯನವರು ತಾವಾಗಿ ಅವನ ಮನೆಗೆ ಬಂದರು. ಜುಬ್ಬ ಬಿಚ್ಚಿಸಿ ಎದೆ ಕೇಳಿದರು, ಬೆನ್ನು ತಟ್ಟಿದರು, ಕಣ್ಣು ನಾಲಗೆ ನೋಡಿದರು, ರಕ್ತ ತೆಗೆದು ಹಾಸನಕ್ಕೆ ಕಳಿಸಿದರು. ಯಾವಾಗ ಶುರುವಾಯಿತು, ಯಾವ ಹೊತ್ತಿನಲ್ಲಿ ಹೆಚ್ಚು ಎಂದೆಲ್ಲ ಕೂತು ಕೇಳಿದರು. ಹಾಸನದ ಉತ್ತರ ಬಂದ ದಿನ ಮತ್ತೆ ಬಂದು ಜಗುಲಿಯ ಮೇಲೆ ಕೂತರು. ಗುರುಸಿದ್ದಮ್ಮ ಬಾಗಿಲ ಹಿಂದೆ ನಿಂತಿದ್ದಳು.

"ನೋಡು ದೊಡ್ಡಯ್ಯ, ನಾನು ಕಲಿತ ವಿದ್ಯೆಗೆ ನಿನ್ನ ಕಾಯಿಲೆ ಸಿಕ್ಕಲಿಲ್ಲ," ಎಂದರು. ಹೆಮ್ಮೆಯ ಮನುಷ್ಯ, ಆ ಮಾತು ಆಡಲು ಅವರಿಗೆ ಕಷ್ಟವಾಯಿತು. "ಏನು ಅಂತ ನನಗೆ ಗೊತ್ತಿಲ್ಲ. ಆದರೆ ನಿನಗೆ ಸುಸ್ತಿದೆ. ಅದು ನಿಜ. ಇನ್ನೂ ಹುಡುಕೋಣ."

ಮದ್ದಿಲ್ಲ, ಹೆಸರಿಲ್ಲ, ವಾಸಿಯಾಗುವ ಭರವಸೆಯೂ ಇಲ್ಲ. ದೊಡ್ಡಯ್ಯನ ಮುಖ ನೋಡಿದ್ದರೆ ಲಾಟರಿ ಹೊಡೆಯಿತೇನೋ ಅನ್ನಬೇಕು. "ಕೇಳುದ್ರಾ ಮೇಷ್ಟ್ರೇ? ಡಾಕ್ಟ್ರಿಗೂ ಗೊತ್ತಿಲ್ವಂತೆ!" ಎಂದು ಸಂಭ್ರಮದಿಂದ ಕೂಗಿ, ಕೂಗಿದ ಸುಸ್ತಿಗೆ ಅಲ್ಲೇ ಕೂತುಬಿಟ್ಟ.

ಮರುದಿನ ಬೆಳಿಗ್ಗೆ ನಾನು ಸ್ಕೂಲಿಗೆ ಮಂಡಿಯ ದಾರಿಯಲ್ಲೇ ಹೋಗುತ್ತಿದ್ದೆ. ವ್ಯಾಪಾರದ ಹೊತ್ತು, ಗಾಡಿಗಳು ನಿಂತಿದ್ದವು, ಕಾಯಿ ಇಳಿಸುವವರ ಗಲಾಟೆ. ದೊಡ್ಡಯ್ಯನ ಅಂಗಡಿಯ ಬಾಗಿಲ ಹಲಗೆಗಳನ್ನು ಗುರುಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಿದ್ದಳು. ನಮ್ಮೂರ ಮಂಡಿಯಲ್ಲಿ ಹೆಂಗಸು ಅಂಗಡಿ ತೆರೆದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಗದ್ದಲ ತಾನಾಗಿ ನಿಂತಿತು. ಪಕ್ಕದ ಅಂಗಡಿಯವನು ಬೀಡಿ ಕೈಯಲ್ಲಿ ಹಿಡಿದು, ಹಳೆಯ ನಗುವಿಗೆ ತುಟಿ ಸಿದ್ಧ ಮಾಡಿಕೊಂಡು ಕೇಳಿದ:

"ಯಾಕವ್ವಾ ನೀವು ಬಂದ್ರಿ? ಯಜಮಾನ್ರು ಎಲ್ಲಿ?"

ಗುರುಸಿದ್ದಮ್ಮ ಕೈಯಲ್ಲಿದ್ದ ಹಲಗೆಯನ್ನು ಇಳಿಸಿ, ಅವನ ಕಡೆ ತಿರುಗಿ, ಇಡೀ ಮಂಡಿಗೆ ಕೇಳುವ ಹಾಗೆ ಹೇಳಿದಳು:

"ಅವ್ರಿಗೆ ಸುಸ್ತು."

ಯಾರೂ ನಗಲಿಲ್ಲ. ಆಕೆ ಇನ್ನೊಂದು ಹಲಗೆ ತೆಗೆದಳು.